ಹರಿದಿಟ್ಟುಕೊಂಡ ಹಾಳೆ

"ಆ ದಿನದ ಹಾಳೆಯೇ ಇಲ್ವಲ್ಲಪ್ಪ," ಎಂದು ವಿಚಾರಣಾಧಿಕಾರಿ ವೈರ್‌ಲೆಸ್‌ನಲ್ಲಿ ಬಂದ ಆಜ್ಞೆಗಳನ್ನು ಬರೆದಿಡುವ ಪುಸ್ತಕವನ್ನು ಸೇನಾ ತುಕಡಿಯ ಡ್ರೈವರನ ಮುಂದೆ ತಳ್ಳಿದರು. ಕೈಯೆತ್ತಿ ಶರಣಾಗಿದ್ದ ಹನ್ನೊಂದು ಜನರನ್ನು ತನ್ನದೇ ತುಕಡಿ ಗುಂಡಿಟ್ಟು ಕೊಂದಿತೆಂದು ದೂರು ಕೊಟ್ಟವನು ಅವನು.

ಹಿಂದಿನ ಬೆಂಚಿನಲ್ಲಿದ್ದ, ಅದೇ ತುಕಡಿಯ ವೈರ್‌ಲೆಸ್‌ನವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹಾಳೆ ಅವನ ಜೇಬಿನಲ್ಲೇ ಇತ್ತು. ಕೊಲ್ಲುವ ಆಜ್ಞೆಯನ್ನು ಕೇಳಿ ಬರೆದುಕೊಂಡವನೇ ಅವನು. ಒಂದು ದಿನ ತಾನೇ ಹೇಳಬೇಕೆಂದು ಅದನ್ನು ಹರಿದಿಟ್ಟುಕೊಂಡು ಎಂಟು ತಿಂಗಳು ಮೀನಮೇಷ ಎಣಿಸಿದ್ದ. ಅಷ್ಟರಲ್ಲಿ ಈ ಸ್ಟೇರಿಂಗ್ ತಿರುಗಿಸುವವನು ಸತ್ಯಹರಿಶ್ಚಂದ್ರನಾಗಿಬಿಟ್ಟ. ದೂರು ಕೊಟ್ಟ ಮೇಲೆ ಮೆಸ್ಸಿನಲ್ಲಿ ಯಾರೂ ಪಕ್ಕದಲ್ಲಿ ಕೂರದಿದ್ದರೂ ಡ್ರೈವರ್ ತಟ್ಟೆ ಖಾಲಿ ಮಾಡಿಯೇ ಏಳುತ್ತಿದ್ದ. ಗೆಳೆಯರ ನಡುವೆ ಕೂತ ಇವನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಡ್ರೈವರನನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

"ವೈರ್‌ಲೆಸ್‌ನವನಿಗೆ ಗೊತ್ತಿರಬೇಕಲ್ಲ?" ಎಂದರು ಅಧಿಕಾರಿ.

ಡ್ರೈವರ್ ತಿರುಗಿಯೂ ನೋಡಲಿಲ್ಲ. "ಅವನನ್ನ ಬಿಟ್ಟುಬಿಡಿ ಸರ್, ಮಕ್ಕಳೊಂದಿಗ. ಅವತ್ತು ಜ್ವರ ಬಂದು ಮಲಗಿದ್ದ."

ವೈರ್‌ಲೆಸ್‌ನವನ ಮೈಯೆಲ್ಲ ಉರಿದುಹೋಯಿತು. ಸತ್ಯ ಹೇಳಿದ್ದೂ ಅವನೇ, ಈಗ ತನ್ನನ್ನು ಉಳಿಸಲು ಸುಳ್ಳು ಹೇಳುವ ದೊಡ್ಡತನವೂ ಅವನದೇ ಆಗಬೇಕೆ? ಎದ್ದು ಬಂದು ಹಾಳೆಯನ್ನು ಮೇಜಿನ ಮೇಲಿಟ್ಟ.

"ನನಗೆ ಯಾವ ಜ್ವರಾನೂ ಇರಲಿಲ್ಲ ಸರ್."