ಹೂದಾನಿಗೊಂದು ಆಸರೆ

ಸೊಸೆ ಬಾಗಿಲು ತೆರೆದಾಗ ಮಾವನವರು ಕೊನೆಯ ಸ್ಕ್ರೂ ತಿರುಗಿಸುತ್ತಿದ್ದರು. ಅವಳು ಮೂರು ತಿಂಗಳು ಕುಳಿತು ಬರೆದ ಚಿತ್ರದ ಕೆಳಗೆ, ಗೋಡೆಗೆ, ತೇಗದ ಹೊಸ ಹಲಗೆಯೊಂದು ಬಂದು ಕೂತಿತ್ತು. ಚಿತ್ರದಲ್ಲಿ ಚೌಕಾಕಾರದ ನೀಲಿ ಹೂಗಳು. ಅವುಗಳನ್ನು ಹೊತ್ತ ಹೂದಾನಿ ಎಡಕ್ಕೆ ವಾಲಿ, ಕೆಳಗೆ ಮೇಜಿಲ್ಲದೆ ಬರಿಯ ಬಿಳುಪಿನಲ್ಲಿ ತೇಲುತ್ತಿತ್ತು. ಆ ತೇಲಾಟವೇ ಚಿತ್ರದ ಜೀವಾಳ. ಅದನ್ನು ನೋಡಲೆಂದು ಅವಳ ಕಲಾಗುರುಗಳು ಸಂಜೆಗೆ ಬರುವವರಿದ್ದರು.

"ಏನು ಮಾವ ಇದು!"

ನಲವತ್ತು ವರ್ಷ ಬಡಗಿಯಾಗಿದ್ದವರು ಕಳ್ಳನಂತೆ ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಸರಿಸಿದರು. "ತಪ್ಪು ತಿಳ್ಕೋಬೇಡಮ್ಮ. ಊಟಕ್ಕೆ ಕೂತ್ರೆ ಎದುರಿಗೇ ಕಾಣುತ್ತೆ. ಈಗ ಬಿತ್ತು, ಆಗ ಬಿತ್ತು ಅಂತ ತುತ್ತು ಗಂಟಲಲ್ಲಿ ಇಳಿಯಲ್ಲ."

ಅವಳು ಹಲಗೆಯ ಹತ್ತಿರ ಹೋದಳು. ಕಂಡವರೆಲ್ಲ ಚಿತ್ರ ಸೋಫಾದ ಬಣ್ಣಕ್ಕೆ ಹೊಂದುತ್ತದೆ ಎಂದು ಹೊಗಳಿ ಹೋಗಿದ್ದರು. ಹೂದಾನಿ ಬಿದ್ದೀತೆಂದು ಹೆದರಿದವರು ಇವರೊಬ್ಬರೇ. ಹಲಗೆ ತೆಗೆಸುವ ಮನಸ್ಸು ಅಲ್ಲಿಗೇ ಕರಗಿತು. ಮಟ್ಟ ನೋಡಲೆಂದು ಅದರ ಮೇಲೆ ಅವರು ಇಟ್ಟಿದ್ದ ರಸಮಟ್ಟದಲ್ಲಿ ಗುಳ್ಳೆ ನಟ್ಟನಡುವೆ ನಿಂತಿತ್ತು.

"ಹಲಗೆ ಮಟ್ಟಸವಾಗೇ ಇದೆ ಮಾವ. ಆದ್ರೆ ಹೂದಾನಿ ವಾಲಿದೆಯಲ್ಲ, ಎಡಕ್ಕೆ ಜಾರಿಬಿಟ್ರೆ?"

ಮಾವನವರ ಮುಖ ಅರಳಿತು. "ಅದಕ್ಕೇ ಆ ತುದಿಗೊಂದು ಅಡ್ಡಪಟ್ಟಿ ಹೊಡೆದಿದ್ದೀನಿ, ನೋಡು."