ನಡುಗದ ಕೈ

"ಹತ್ತು ನಿಮಿಷ. ಮಗಳಿಗೆ ಜಡೆ ಹಾಕಿ. ನಾನಿಲ್ಲಿ ಇಲ್ವೇ ಇಲ್ಲ ಅಂದ್ಕೊಳ್ಳಿ," ಎಂದು ಸಲಹೆಗಾರ್ತಿ ಗೋಡೆ ಪಕ್ಕ ಕೂತಳು. ಇಲ್ಲ ಅಂದುಕೊಳ್ಳುವುದು ಹೇಗೆ ಸ್ವಾಮಿ? ತೊಡೆಯ ಮೇಲೆ ಕಾಗದ, ಕೈಯಲ್ಲಿ ಪೆನ್ನು.

ಮಾನಸಿಕ ಕಾಯಿಲೆಯಿರುವ ಅಪ್ಪ ಅಮ್ಮಂದಿರಿಗೆ ಮಕ್ಕಳನ್ನು ಸಾಕಲು ನೆರವಾಗುವ ಕೇಂದ್ರ ಅದು. ಹನ್ನೆರಡು ವಾರದ ತರಬೇತಿಗೆ ಇವತ್ತು ಕೊನೆ. ಮಗಳು ಅಪ್ಪನ ಹತ್ತಿರ ಇರಬೇಕೋ ಬೇಡವೋ ಎಂಬುದು ಆ ಕಾಗದದ ಮೇಲೆ ನಿಂತಿತ್ತು. ಬಾಗಿಲ ಬಳಿ ದೊಡ್ಡಮ್ಮ, ಅಂದರೆ ತೀರಿಕೊಂಡ ಹೆಂಡತಿಯ ಅಕ್ಕ, ಹುಡುಗಿಯ ಬಟ್ಟೆ ಚೀಲ ತಬ್ಬಿಕೊಂಡೇ ಕೂತಿದ್ದಳು. "ಆ ಕೈಲಿ ಲೋಟ ನಿಲ್ಲಲ್ಲ, ಮಗು ನಿಲ್ಲುತ್ತಾ?" ಎಂದು ಕಂಡವರಿಗೆಲ್ಲ ಹೇಳಿಯಾಗಿತ್ತು.

ಅಪ್ಪ ಸಲೂನಿನ ಕೆಲಸಗಾರ. ಮಾತ್ರೆ ಶುರುವಾದ ಮೇಲೆ ಕೈ ನಡುಗುತ್ತದೆಂದು ಮಾಲೀಕ ಕತ್ತರಿ ಕಿತ್ತುಕೊಂಡು ಟವೆಲ್ ಒಗೆಯಲು ಹಾಕಿದ್ದ. ಆದರೆ ಇವತ್ತು ನೋಡಬೇಕಿತ್ತು! ಬೈತಲೆ ಗೆರೆ ಎಳೆದ ಹಾಗೆ ಬಂತು. ಬೆರಳುಗಳು ಸರಸರನೆ ಹೆಣೆದವು. ದೊಡ್ಡಮ್ಮನ ಮುಖ ಸಪ್ಪಗಾಯಿತು. ಗೆದ್ದೆ ಅಂದುಕೊಂಡ.

ಮಗಳು ಮಾತ್ರ ಕುತ್ತಿಗೆ ಬಿಗಿಹಿಡಿದು ಕೂತಿದ್ದಳು. ರಿಬ್ಬನ್ ಕಟ್ಟಿದ್ದೇ ತಡ, ಎದ್ದು ದೂರ ಸರಿದಳು.

"ಅಪ್ಪಾ, ಮಾತ್ರೆ ಬಿಟ್ಟಿದೀಯಾ?"

"ಯಾರು ಹೇಳಿದ್ರು?"

"ನಿನ್ನ ಕೈ ನಡುಗ್ತಿಲ್ಲ. ಹೊರಗೆ ಯಾರೋ ಕಾಯ್ತಿದಾರೆ ಅಂತ ಎರಡು ದಿನ ನನ್ನ ಒಳಗೇ ಕೂಡಿಹಾಕಿದ್ಯಲ್ಲ, ಆಗ್ಲೂ ನಡುಗ್ತಿರ್ಲಿಲ್ಲ."

ಪೆನ್ನು ನಿಂತಿತು. ದೊಡ್ಡಮ್ಮ ಚೀಲ ಹೆಗಲಿಗೇರಿಸಿ ಎದ್ದೇಬಿಟ್ಟಳು. ಸುಳ್ಳೊಂದು ಅವನ ನಾಲಿಗೆ ತುದಿಯಲ್ಲೇ ಇತ್ತು. ಹೇಳಲಾಗಲಿಲ್ಲ.

"ಐದು ದಿನ ಆಯ್ತು," ಎಂದ. "ಇವತ್ತು ಜಡೆ ಚೆನ್ನಾಗಿ ಬರ್ಲಿ ಅಂತ..."

"ಡಾಕ್ಟರಿಗೆ ಈಗ್ಲೇ ಫೋನ್ ಮಾಡ್ತೀನಿ," ಎಂದು ಸಲಹೆಗಾರ್ತಿ ಹೊರಗೆ ಹೋಗಿ ಬಂದಳು. "ಇವತ್ತಿಂದು ಒಂದೇ ಮಾತ್ರೆ ತಗೋಬೇಕಂತೆ. ಸಂಜೆ ಅವರನ್ನ ನೋಡ್ಬೇಕಂತೆ."

ಅವನು ಜೇಬಿನಿಂದ ಮಾತ್ರೆ ತೆಗೆದ. ಅಷ್ಟರಲ್ಲಿ ಮಗಳು ಲೋಟದಲ್ಲಿ ನೀರು ತಂದಿದ್ದಳು. ಅವನು ನುಂಗುವವರೆಗೂ ಕಣ್ಣು ಕೀಳಲಿಲ್ಲ.

"ಬಾಯಿ ತೆಗಿ. ನಾಲಿಗೆ ಎತ್ತು."

ಎತ್ತಿದ. ಹುಡುಗಿ ರಿಬ್ಬನ್ ಎಳೆದು, ಅಷ್ಟು ಚಂದದ ಜಡೆಯನ್ನು ಪೂರ್ತಿ ಬಿಚ್ಚಿಹಾಕಿದಳು. ಆಮೇಲೆ ಬಂದು ಅವನ ಮೊಣಕಾಲಿಗೆ ಒರಗಿ ಕೂತಳು.

"ನಿನ್ನ ಕೈ ಮತ್ತೆ ನಡುಗಕ್ಕೆ ಶುರುವಾಗ್ಲಿ," ಎಂದಳು. "ಆಮೇಲೆ ಹಾಕು."