ಸೊಂಟನೋವಿನ ನೆಪ

ಕೆ.ಆರ್.ಪೇಟೆಯ ಡಾಕ್ಟರ ಮೇಜಿನ ಮುಂದಿದ್ದ ಎರಡು ಕುರ್ಚಿಗಳಲ್ಲಿ ಬಾಗಿಲ ಪಕ್ಕದ್ದು ಯಾರಿಗೆ ಎಂಬುದು ಅಂದು ಒಂದು ಸಂಸಾರದ ಮಹತ್ವದ ಪ್ರಶ್ನೆಯಾಗಿತ್ತು. ಎದ್ದು ಓಡಲು ಅನುಕೂಲವೆಂದು ರವೀಂದ್ರ ಅದನ್ನೇ ಹಿಡಿದ. ತನ್ನೂರು ನಾಗಮಂಗಲದಲ್ಲಾದರೆ ಗುರುತಿನವರು ಕಂಡಾರೆಂದು ಪಕ್ಕದ ತಾಲ್ಲೂಕಿಗೆ ಬಂದಿದ್ದ. ಹೊರಗೇ ಕೂರು ಎಂದರೂ ಹೆಂಡತಿ ರಂಜಿತ ಒಳಗೆ ಬಂದಿದ್ದಳು.

"ಸೊಂಟನೋವು ಸಾ," ಎಂದ.

"ಸೊಂಟ ಚೆನ್ನಾಗೈತೆ ಡಾಕ್ಟ್ರೇ," ಎಂದಳು ರಂಜಿತ. "ಮುದ್ದೆ ನುಂಗೋ ಅಂಗೆ ಆ ಕೆಲ್ಸಾನೂವೆ ಗುಳುಕ್ನೆ ಮುಗಿಸ್ಬುಡ್ತಾರೆ. ಅದ್ಕೆ ಬೇಜಾರಿಲ್ಲ. ಆಮ್ಯಾಕೆ ವಾರಗಟ್ಲೆ ಮೊಕ ಕೊಟ್ಟು ಮಾತಾಡಕಿಲ್ವಲ್ಲ, ಅದು ಬೇಜಾರು."

ಡಾಕ್ಟರು ನಗಲಿಲ್ಲ. ಶೀಘ್ರಸ್ಖಲನ ಬಹಳ ಗಂಡಸರಿಗಿರುವ ತೊಂದರೆ, ರಸ್ತೆಬದಿಯ ಲೇಹ್ಯ ಬೇಡ, ನಡುವೆ ತಡೆದು ಮತ್ತೆ ಮುಂದುವರಿಯುವ ಅಭ್ಯಾಸವಿದೆ, ಅದು ಸಾಲದಿದ್ದರೆ ಮಾತ್ರೆಯಿದೆ ಎಂದರು. "ಅಭ್ಯಾಸಕ್ಕೆ ಮಾತ್ರ ಇಬ್ಬರೂ ಒಪ್ಪಬೇಕು."

"ಒಪ್ದೆ ಇದ್ರೆ ಬಸ್ಸತ್ತಿ ಬತ್ತಿದ್ನಾ?" ಎಂದಳು ರಂಜಿತ.

ರವೀಂದ್ರ ಅವಳನ್ನೇ ನೋಡಿದ. "ಮನೇಲೇ ಯೋಳ್ಬೋದಿತ್ತಲ್ಲಮ್ಮಿ."

"ನೀವೆಲ್ಲಿ ಕೂತ್ಕೊಂಡು ಕೇಳುದ್ರಿ?"

ಅವನಿಗೆ ನಗು ಬಂತು. ಚಿಕಿತ್ಸೆ ಅಂದೇ ಶುರುವಾಯಿತು.